2 ಲಕ್ಷ ಕಿ.ಮೀ. ದಾಟಿದ ಡಿಜೈರ್: ಮುಂದಿನ ಸಸ್ಪೆನ್ಷನ್ ಮನೆಯಲ್ಲೇ ಬದಲಿಸಬಹುದಾ?

ನವನಗರ ಡಿಜೈರ್

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಸ್ವಿಫ್ಟ್ ಡಿಜೈರ್ ಡೀಸೆಲ್. 2,10,000 ಕಿ.ಮೀ. ಓಡಿದೆ. ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ತೊಂದರೆ ಎಲ್ಲ ಕೆಳಗಡೆ, ಚಕ್ರಕ್ಕೂ ಗಾಡಿಯ ಬಾಡಿಗೂ ನಡುವಿನ ಸಸ್ಪೆನ್ಷನ್‌ನಲ್ಲಿ.

ನವನಗರದ ಒಳರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನ ಎಡಗಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ. ಬ್ರೇಕ್ ಒತ್ತಿದಾಗ ಒಂದೇ ಸಲ ದಡ್ ಅನ್ನುತ್ತದೆ. ಬೈಪಾಸಿನಲ್ಲಿ 80ರ ಮೇಲೆ ಹೋದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ. ಗ್ಯಾರೇಜಿನಲ್ಲಿ ತೋರಿಸಿದೆ. "ಮುಂದಿನದೆಲ್ಲಾ ಹೋಗಿದೆ, ಪೂರ್ತಿ ಸೆಟ್ ಹಾಕಿಸಿ" ಎಂದರು. ಯಾವ ಪಾರ್ಟು ಹೋಗಿದೆ ಎಂದು ಕೇಳಿದರೆ ತೋರಿಸಲಿಲ್ಲ.

ಗಾಡಿಗೆ 15 ವರ್ಷ ತುಂಬುತ್ತಿದೆ. ಆರ್‌ಟಿಒದಲ್ಲಿ ನೋಂದಣಿ ನವೀಕರಿಸಿದರೆ ಇನ್ನೂ 5 ವರ್ಷ ಸಿಗುತ್ತದೆ, ಅಷ್ಟು ದಿನ ಇಟ್ಟುಕೊಳ್ಳುವ ಆಸೆ ಇದೆ. ಬ್ರೇಕ್ ಪ್ಯಾಡ್, ಆಯಿಲ್, ಫಿಲ್ಟರ್ ನಾನೇ ಬದಲಿಸುತ್ತೇನೆ, ಪಾನಾ ಹಿಡಿದು ರೂಢಿ ಇದೆ. ಸಸ್ಪೆನ್ಷನ್‌ಗೆ ಮಾತ್ರ ಇದುವರೆಗೆ ಕೈ ಹಚ್ಚಿಲ್ಲ. ಮನೆಯಲ್ಲಿ ಎಷ್ಟು ಮಾಡಬಹುದು? ಯಾವುದನ್ನು ಬಿಡಬೇಕು?

ಕೆಎ-26 ಬೆಟಗೇರಿ

ಮಾಡಬಹುದು ರೀ. ಆದರೆ ಏನು ಹೋಗಿದೆ ಎಂದು ಗೊತ್ತಾಗುವ ಮೊದಲೇ ಸ್ಪೇರ್ ಅಂಗಡಿಗೆ ಹೋಗಬೇಡಿ. ಹಳೇ ಗಾಡಿಯಲ್ಲಿ ಸದ್ದು ಬರುವ ಜಾಗ ಒಂದು, ಸವೆದ ಜಾಗ ಇನ್ನೊಂದು ಇರುತ್ತದೆ. ಎಡಗಡೆ ಸದ್ದು ಅಂತ ನೀವು ಹೇಳುತ್ತೀರಿ, ಪಾರ್ಟು ಬಲಗಡೆಯದೂ ಆಗಿರಬಹುದು. ಕಬ್ಬಿಣದ ಒಳಗೆ ಸದ್ದು ಓಡಾಡುತ್ತದೆ.

ಒಂದು ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎರಡೂ ಕೈಯಿಂದ ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಬಾಲ್ ಜಾಯಿಂಟ್ (ಲೋಯರ್ ಆರ್ಮಿನ ತುದಿಯ ಗುಂಡು ಕೀಲು) ಅಥವಾ ವ್ಹೀಲ್ ಬೇರಿಂಗ್. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಮನೆಯವರೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್. ಟೈರಿನ ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಎಂಡ್ ಅಥವಾ ಒಳಗಿನ ರ‍್ಯಾಕ್ ಎಂಡ್. ರ‍್ಯಾಕಿನ ರಬ್ಬರ್ ಬೂಟನ್ನು ಬೆರಳಿನಿಂದ ಒತ್ತಿ ಹಿಡಿದರೆ ಒಳಗಿನ ಜಾಯಿಂಟ್ ಆಡುವುದು ಕೈಗೆ ತಿಳಿಯುತ್ತದೆ.

ನಿಮ್ಮ ಟಕ್ ಟಕ್ ಕೇಳಿದರೆ ನನಗೆ ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರಿನ ತುದಿಗೆ ಕೂಡುವ ಸಣ್ಣ ಕಡ್ಡಿ) ಮೇಲೆ ಅನುಮಾನ. ಸಣ್ಣ ಸಣ್ಣ ತಗ್ಗಿನಲ್ಲಿ, ಕಡಿಮೆ ವೇಗದಲ್ಲಿ ಬರುವ ಸದ್ದು ಹೆಚ್ಚಾಗಿ ಅದರದೇ. ಖಾತ್ರಿ ಮಾಡಿಕೊಳ್ಳಲು ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ, ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಎಲ್ಲೂ ತಾಗದಂತೆ ಕಟ್ಟಿ, ಓಣಿಯಲ್ಲೇ ನಿಧಾನಕ್ಕೆ ಒಂದು ಸುತ್ತು ಹೊಡೆಯಿರಿ. ಸದ್ದು ಹೋದರೆ ಕಳ್ಳ ಸಿಕ್ಕ. ಲಿಂಕ್ ಇಲ್ಲದೆ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಹೈವೇಗೆ ಒಯ್ಯಬೇಡಿ.

ಬ್ರೇಕಿನ ದಡ್ ಬೇರೆ ಕಥೆ. ಅದು ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಫ್ರೇಮಿಗೆ ಹಿಡಿಯುವ ತೋಳು) ಹಿಂದಿನ ಬುಷ್, ಅಂದರೆ ರಬ್ಬರ್ ಕೂರಿಸಿದ ಕೊಳವೆ, ಇರಬೇಕು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಒತ್ತುತ್ತದೆ, ಹರಿದ ಬುಷ್ ಅದನ್ನು ತಡೆಯುವುದಿಲ್ಲ. ಆರ್ಮ್ ಮತ್ತು ಫ್ರೇಮಿನ ನಡುವೆ ಉದ್ದನೆಯ ಸಬ್ಬಲ್ ಇಟ್ಟು ಮೀಟಿ ನೋಡಿ. ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕು ಇದ್ದರೆ ಚಿಂತೆ ಇಲ್ಲ, ಈ ವಯಸ್ಸಿಗೆ ಅದು ಸಹಜ. ನಡುವಿನ ಕಬ್ಬಿಣದ ಕೊಳವೆ ಒಂದು ಕಡೆಗೆ ಸರಿದಿದ್ದರೆ, ಅಥವಾ ರಬ್ಬರ್ ಆಚೆ ಈಚೆ ಹರಿದಿದ್ದರೆ ಬದಲಿಸಲೇಬೇಕು.

ಮಾಳಮಡ್ಡಿ ಆಲ್ಟೋ

ಬೆಟಗೇರಿ ಅಣ್ಣಾರು ಹೇಳಿದ್ದು ಸರಿ. ಅದರ ಜೊತೆಗೆ ಟೈರನ್ನೂ ಓದಿ. ಟೈರಿನ ಮೇಲೆ ಅಂಗೈ ಸವರಿ. ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಬುಷ್ ಸಡಿಲಾಗಿ ಚಕ್ರ ವಾಲಿದೆ. ಒಂದು ದಿಕ್ಕಿಗೆ ಸವರಿದಾಗ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ಸಿಕ್ಕಿದರೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ.

ಎಡಕ್ಕೆ ಎಳೆಯುವುದಕ್ಕೆ ಮೊದಲು ಗಾಳಿ ನೋಡಿ. ಎಡಗಡೆ ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೂ ಹಾಗೇ ಎಳೆಯುತ್ತದೆ. ಎಷ್ಟೋ ಜನ ಇದನ್ನು ನೋಡದೆ ಆರ್ಮ್ ಬದಲಿಸಿ ಕೂತಿರುತ್ತಾರೆ.

ಸಪ್ತಾಪುರ ವರ್ಕ್‌ಶಾಪ್

ನಾನು ಬಹಳ ವರ್ಷ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಕಲಿಸಿದವನು. ಪಾರ್ಟಿನ ಮಾತು ಆಮೇಲೆ. ಮೊದಲು ಗಾಡಿ ಎಲ್ಲಿ ಎತ್ತುತ್ತೀರಿ ಹೇಳಿ. ನೆಲ ಏನಿದೆ?

ನವನಗರ ಡಿಜೈರ್

ಸರ್, ಗೇಟಿನ ಒಳಗೆ ಕಾಂಕ್ರೀಟು. ಅದರ ಮುಂದೆ ಫರ್ಶಿ ಹಾಸಿದ್ದೇವೆ. ಮನೆ ಪಕ್ಕದ ಖಾಲಿ ಸೈಟು ಎರೆಮಣ್ಣು. ಜಾಗ ಅಲ್ಲೇ ಜಾಸ್ತಿ.

ಸಪ್ತಾಪುರ ವರ್ಕ್‌ಶಾಪ್

ಕಾಂಕ್ರೀಟಿನ ಮೇಲೆ ಮಾತ್ರ. ಖಾಲಿ ಸೈಟಿನ ಮಾತು ಬಿಟ್ಟುಬಿಡಿ.

ನಮ್ಮ ಎರೆನೆಲ ನಿಮಗೆಲ್ಲ ಗೊತ್ತೇ ಇದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಒಣಗಿ ಗಟ್ಟಿ ಕಂಡರೂ ಒಳಗೆ ಹಸಿ ಇರುತ್ತದೆ. ಜ್ಯಾಕಿನ ಕಾಲು ಚಿಕ್ಕದು, ಭಾರ ಎಲ್ಲ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ. ಒಂದು ಕಡೆ ಕುಸಿದರೆ ಗಾಡಿ ಪಕ್ಕಕ್ಕೆ ಜಾರುತ್ತದೆ. ಫರ್ಶಿ ಕೂಡ ಬೇಡ. ಕಲ್ಲಿನ ಕೆಳಗೆ ಪೊಳ್ಳು ಇದ್ದರೆ ಒಡೆಯುತ್ತದೆ, ನೀರು ಬಿದ್ದಿದ್ದರೆ ಸ್ಟ್ಯಾಂಡ್ ಜಾರುತ್ತದೆ.

ಗಾಡಿಯ ಜೊತೆ ಬರುವ ಕತ್ತರಿ ಜ್ಯಾಕು ಸ್ಟೆಪ್ನಿ ಹಾಕಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಇಡಬಾರದು. ಟ್ರಾಲಿ ಜ್ಯಾಕಿನಿಂದ ಎತ್ತಿ, ಎರಡೂ ಕಡೆ ಜ್ಯಾಕ್ ಸ್ಟ್ಯಾಂಡ್ ಇಡಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿ. ಇಟ್ಟಿಗೆ, ಹಾಲೋ ಬ್ಲಾಕ್ ಯಾವತ್ತೂ ಇಡಬೇಡಿ. ಹಾಲೋ ಬ್ಲಾಕ್ ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತಿ ಇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರ ಹಿಡಿಯುತ್ತದೆ, ಹಾಗಾಗಿ ಹಿಂದೆ ಎತ್ತುವ ದಿನ ಅದನ್ನು ನಂಬುವಂತಿಲ್ಲ. ಅವತ್ತು ಮುಂದಿನ ಚಕ್ರಕ್ಕೆ ತಡೆ ಕೊಟ್ಟು ಗೇರಿನಲ್ಲಿ ನಿಲ್ಲಿಸಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ಇಡಿ, ಸ್ಟ್ಯಾಂಡ್ ಕೈಕೊಟ್ಟರೂ ಗಾಡಿ ಅದರ ಮೇಲೆ ಕೂರುತ್ತದೆ. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ.

ಇದಿಷ್ಟು ಹೊಂದದಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಅದರಲ್ಲಿ ಸಂಕೋಚ ಏನೂ ಇಲ್ಲ.

ಹಾವೇರಿ ವ್ಯಾಗನಾರ್

ಸರ್, ನಮ್ಮ ಅಂಗಳ ಪೂರ್ತಿ ಮಣ್ಣೇ. ದಪ್ಪ ಹಲಗೆ ಹಾಕಿದರೆ ನಡೆಯುವುದಿಲ್ಲವಾ?

ಸಪ್ತಾಪುರ ವರ್ಕ್‌ಶಾಪ್

ಪಂಚರ್ ಆದಾಗ ಚಕ್ರ ಬದಲಿಸಲು ಹಲಗೆ ಸಾಕು. ಕೆಳಗೆ ಮಲಗಿ ಬೋಲ್ಟು ಎಳೆಯುವ ಕೆಲಸಕ್ಕೆ ಸಾಲದು. ಬಿಗಿದ ಬೋಲ್ಟಿಗೆ ಪೂರ್ತಿ ಮೈಭಾರ ಹಾಕಿ ಎಳೆದಾಗ ಗಾಡಿ ಅಲುಗಾಡುತ್ತದೆ. ಗಟ್ಟಿ ನೆಲ ಇರುವ ಪರಿಚಯದವರ ಶೆಡ್ಡು, ಗೋದಾಮು ಕೇಳಿ ನೋಡಿ.

ನವನಗರ ಡಿಜೈರ್

ಎತ್ತಿ ನೋಡಿದೆ. ಎಲ್ಲರಿಗೂ ಧನ್ಯವಾದ, ನೀವು ಹೇಳಿದ ಹಾಗೇ ಒಂದೊಂದೇ ಸಿಕ್ಕಿತು. ಎಡಗಡೆ ಲಿಂಕ್ ರಾಡ್ ಕೈಯಲ್ಲೇ ಗಡಗಡ ಅನ್ನುತ್ತದೆ. ಲೋಯರ್ ಆರ್ಮಿನ ಹಿಂದಿನ ಬುಷ್ ಎರಡೂ ಕಡೆ ಹರಿದಿದೆ, ಎಡದ್ದು ಜಾಸ್ತಿ. ಎಡ ಶಾಕ್ ಮೇಲೆ ಆಯಿಲ್ ಇಳಿದು ಧೂಳು ಮೆತ್ತಿದೆ. ಬಲ ಶಾಕ್ ಒಣಗಿದೆ, ಆದರೆ ಅದರ ರಬ್ಬರ್ ಬೂಟ್ ಹರಿದು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕೂತಾಗ ತಡೆಯುವ ತುಂಡು) ಪುಡಿಯಾಗಿದೆ. ಬಾಲ್ ಜಾಯಿಂಟ್, ಟೈ ರಾಡ್ ಎರಡರಲ್ಲೂ ಆಟ ಇಲ್ಲ. ಬೇರಿಂಗ್ ಸರಿ ಇದೆ.

ಎಡಗಡೆ ಶಾಕ್ ಒಂದೇ ಹಾಕಿದರೆ ಆಗುತ್ತದಾ? ಆರ್ಮ್ ಪೂರ್ತಿ ತರಬೇಕಾ, ಬುಷ್ ಮಾತ್ರ ಸಾಕಾ?

ಕೆಎ-26 ಬೆಟಗೇರಿ

ಶಾಕ್ ಯಾವಾಗಲೂ ಜೋಡಿ. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇದ್ದರೆ ತಗ್ಗು ಹಾರಿದಾಗ ಎರಡು ಚಕ್ರ ಎರಡು ಥರ ಕೂರುತ್ತವೆ, ಬ್ರೇಕ್ ಹಾಕಿದಾಗಲೂ ಅಷ್ಟೇ. ಮುಂದಿನ ಎರಡು ಹಾಕಿ, ಹಿಂದಿನದು ಆಮೇಲೆ ನೋಡೋಣ. ಬೂಟ್, ಬಂಪ್ ಸ್ಟಾಪ್, ಮೇಲಿನ ಮೌಂಟ್ (ಶಾಕನ್ನು ಗಾಡಿಯ ಬಾಡಿಯ ಜೊತೆ ಕೂಡಿಸುವ ಭಾಗ), ಮೌಂಟಿನ ಬೇರಿಂಗ್ ಜೊತೆಗೇ ತನ್ನಿ. ಶಾಕ್ ಬಿಚ್ಚಿದ ಮೇಲೆ ಅವನ್ನು ಬದಲಿಸಲು ಬೇರೆ ಕೂಲಿ ಇಲ್ಲ. ಹಳೇದನ್ನೇ ಹಾಕಿದರೆ ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚಬೇಕಾಗುತ್ತದೆ. ಬೂಟ್ ಇಲ್ಲದ ಶಾಕಿನ ರಾಡಿಗೆ ನಮ್ಮ ಧೂಳು ಹತ್ತಿ ಸೀಲು ಬೇಗ ಹೋಗುತ್ತದೆ.

ಲಿಂಕ್ ರಾಡ್ ಕೂಡ ಎರಡೂ ಕಡೆ. ಈ ಕೆಲಸದ ಅಗ್ಗದ ಪಾರ್ಟುಗಳಲ್ಲಿ ಅದೂ ಒಂದು.

ಪಾರ್ಟು ತರುವಾಗ ಬಿಲ್ಲು ತೆಗೆದುಕೊಳ್ಳಿ. ಕಂಪನಿ ಪ್ಯಾಕಿನದೇ ಬೇಕು ಅಂತಿಲ್ಲ. ಶಾಕಿಗೆ ಗೇಬ್ರಿಯಲ್, ಮನ್ರೋ, ಸ್ಟೀರಿಂಗ್ ಜಾಯಿಂಟಿಗೆ ರಾಣೆ, ಇವೆಲ್ಲ ನಂಬುವಂಥವೇ. ಹೆಸರಿಲ್ಲದ ಡಬ್ಬಿಯ ಬಾಲ್ ಜಾಯಿಂಟ್ ಎಷ್ಟೇ ಅಗ್ಗ ಇದ್ದರೂ ಬೇಡ. ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ.

ತಾರಿಹಾಳ ಲೇಥ್

ಬುಷ್ ಬಗ್ಗೆ ನಾನು ಹೇಳುತ್ತೇನೆ, ದಿನವೂ ನೋಡುವ ಕೆಲಸ. ಬಾಲ್ ಜಾಯಿಂಟ್ ಒಳ್ಳೆಯದಿದ್ದರೆ ಬುಷ್ ಮಾತ್ರ ಬದಲಿಸಬಹುದು. ಆದರೆ 2 ಲಕ್ಷ ದಾಟಿದ ಗಾಡಿಗೆ ನಾನು ಪೂರ್ತಿ ಆರ್ಮ್ ಹಾಕಿಸಿ ಅನ್ನುತ್ತೇನೆ. ಹೊಸ ಆರ್ಮಿನಲ್ಲಿ ಎರಡು ಬುಷ್, ಬಾಲ್ ಜಾಯಿಂಟ್ ಎಲ್ಲ ಕೂಡಿಯೇ ಬರುತ್ತವೆ. ಇವತ್ತು ಆಟ ಇಲ್ಲದ ಬಾಲ್ ಜಾಯಿಂಟೂ ಅಷ್ಟೇ ಓಡಿದೆ ಅಲ್ವಾ?

ಬುಷ್ ಮಾತ್ರ ಹಾಕುವುದಾದರೆ ಸುತ್ತಿಗೆಯಿಂದ ಬಡಿಯಬೇಡಿ. ಆರ್ಮಿನ ತೂತು ಅಂಡಾಕಾರ ಆದರೆ ಹೊಸ ಬುಷ್ ಹಿಡಿಯುವುದಿಲ್ಲ. ಹೈಡ್ರಾಲಿಕ್ ಪ್ರೆಸ್ ಇರುವ ಲೇಥ್ ಅಂಗಡಿಗೆ ಆರ್ಮ್ ಒಯ್ಯಿರಿ, ಕೂತಲ್ಲೇ ಮಾಡಿಕೊಡುತ್ತಾರೆ. ಒಯ್ಯುವ ಮೊದಲು ಹಳೇ ಬುಷ್ ಯಾವ ಕಡೆಗೆ ಮುಖ ಮಾಡಿದೆ ಎಂದು ಪೇಂಟಿನಿಂದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಲವು ಬುಷ್‌ಗಳಲ್ಲಿ ಒಂದು ಕಡೆ ಖಾಲಿ ಸೀಳು ಇರುತ್ತದೆ. ತಿರುಗಿಸಿ ಹಾಕಿದರೆ ಬ್ರೇಕಿನ ಒತ್ತಡ ತಪ್ಪು ಕಡೆ ಬೀಳುತ್ತದೆ. ಒತ್ತುವಾಗ ಸೋಪಿನ ನೀರು ಸಾಕು. ಗ್ರೀಸ್ ಹಚ್ಚಬೇಡಿ, ಸಾದಾ ಗ್ರೀಸು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ.

ಮಾಳಮಡ್ಡಿ ಆಲ್ಟೋ

ಲೇಥ್ ಅಣ್ಣಾ, ರಬ್ಬರ್ ಮಾತು ಬಂತು ಅಂತ ಕೇಳುತ್ತೇನೆ. ಮಳೆಗಾಲಕ್ಕೆ ಮೊದಲು ಗಾಡಿ ಕೆಳಗೆ ಡೀಸೆಲ್, ಹಳೇ ಇಂಜಿನ್ ಆಯಿಲ್ ಸ್ಪ್ರೇ ಮಾಡುತ್ತಾರಲ್ಲ, ತುಕ್ಕು ಹಿಡಿಯಬಾರದು ಅಂತ. ಅದು ಬುಷ್‌ಗೆ ಹೊಡೆತ ಅಲ್ವಾ?

ತಾರಿಹಾಳ ಲೇಥ್

ಹೊಡೆತವೇ ಅಕ್ಕಾರೇ. ನಮ್ಮಲ್ಲಿಗೆ ಬರುವ ಆರ್ಮುಗಳಲ್ಲಿ ಉಬ್ಬಿ ಜಿಡ್ಡಾದ ಬುಷ್ ಕಂಡರೆ ನಮಗೆ ಗೊತ್ತಾಗುತ್ತದೆ, ಈ ಗಾಡಿಗೆ ಆಯಿಲ್ ಸ್ಪ್ರೇ ಆಗಿದೆ ಅಂತ. ಆಯಿಲ್ ಮೇಲೆ ಎರೆಮಣ್ಣಿನ ಧೂಳು ಕೂತರೆ ಬೋಲ್ಟಿನ ತಲೆಯೂ ಕಾಣುವುದಿಲ್ಲ. ಬರೀ ನೀರಿನಿಂದ ತೊಳೆಸಿ. ಸ್ಪ್ರೇ ಬೇಡ ಅಂತ ತೊಳೆಸುವ ಮೊದಲೇ ಹೇಳಿ.

ಸಪ್ತಾಪುರ ವರ್ಕ್‌ಶಾಪ್

ಈಗ ನಾನು ಹೇಳಲೇಬೇಕಾದ ಎರಡು ಮಾತು. ಒಂದು ಜೀವದ ಮಾತು, ಇನ್ನೊಂದು ದುಡ್ಡಿನ ಮಾತು.

ಮುಂದಿನ ಶಾಕ್ ಸುತ್ತ ಇರುವ ಸ್ಪ್ರಿಂಗ್ ಒತ್ತಡದಲ್ಲಿ ಕೂತಿದೆ. ಗಾಡಿ ಎತ್ತಿ ಚಕ್ರ ಜೋತುಬಿದ್ದಾಗಲೂ ಅದು ಪೂರ್ತಿ ಬಿಡುಗಡೆ ಆಗಿರುವುದಿಲ್ಲ. ಸ್ಪ್ರಿಂಗ್ ಹಿಡಿದಿರುವ ಮೇಲಿನ ನಟ್ಟು ಬಿಚ್ಚಿದರೆ ಮೌಂಟು ಹಾರಿ ಮುಖಕ್ಕೆ ಬಡಿಯುತ್ತದೆ. ಕೈ ಮುರಿದವರು, ಕಣ್ಣು ಹೋದವರು ಇದ್ದಾರೆ. ಬಾನೆಟ್ ಎತ್ತಿ ನೋಡಿದರೆ ಗೊಂದಲ ಆಗುವುದು ಸಹಜ. ಕೆಲವು ಗಾಡಿಗಳಲ್ಲಿ ಮೌಂಟನ್ನು ಗಾಡಿಯ ಬಾಡಿಯ ಜೊತೆ ಮೂರು ನಟ್ಟು ಹಿಡಿದಿರುತ್ತವೆ, ನಡುವಿನದು ಸ್ಪ್ರಿಂಗಿನದು. ಇನ್ನು ಕೆಲವದರಲ್ಲಿ ನಡುವೆಯೇ ಒಂದರ ಕೆಳಗೆ ಒಂದು ಎರಡು ನಟ್ಟು ಇರುತ್ತವೆ: ಮೇಲಿನದು ಗಾಡಿಯ ಬಾಡಿಯದು, ಕೆಳಗಿನದು ಸ್ಪ್ರಿಂಗಿನದು. ನಿಮ್ಮ ಗಾಡಿಯದು ಯಾವುದು ಎಂದು ಸರ್ವಿಸ್ ಮ್ಯಾನ್ಯುವಲ್ ನೋಡಿ ಖಾತ್ರಿ ಮಾಡಿಕೊಳ್ಳದೆ ಅದಕ್ಕೆ ಪಾನಾ ಹಚ್ಚಬೇಡಿ.

ನನ್ನ ಸಲಹೆ ಇಷ್ಟೇ. ಶಾಕ್, ಸ್ಪ್ರಿಂಗ್, ಮೌಂಟ್ ಕೂಡಿಯೇ ಗಾಡಿಯಿಂದ ಇಳಿಸಿ. ಅದು ಮನೆಯಲ್ಲಿ ಆಗುವ ಕೆಲಸ. ಹಾಗೇ ಕಟ್ಟಿಕೊಂಡು ಸ್ಪ್ರಿಂಗ್ ಒತ್ತುವ ಯಂತ್ರ ಇರುವ ಗ್ಯಾರೇಜಿಗೆ ಒಯ್ಯಿರಿ. ಹೊಸ ಶಾಕ್ ಮೇಲೆ ಹಳೇ ಸ್ಪ್ರಿಂಗ್ ಕೂರಿಸಿ ಕೊಡುತ್ತಾರೆ. ಸ್ಪ್ರಿಂಗಿನ ಕೊನೆ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯಾ ಅಂತ ನೀವೇ ಕಣ್ಣಾರೆ ನೋಡಿ.

ಕೆಎ-26 ಬೆಟಗೇರಿ

ಸರ್, ಅಂಗಡಿಯಲ್ಲಿ ಎರಡು ಕೊಕ್ಕೆಯ ಸ್ಪ್ರಿಂಗ್ ಕಂಪ್ರೆಸರ್ ಸಿಗುತ್ತದೆ. ನಾನು ಅದರಲ್ಲೇ ಮಾಡುತ್ತೇನೆ. ಎರಡೂ ಕಡೆ ಸಮ ಸಮ ತಿರುಗಿಸಿದರೆ ತೊಂದರೆ ಇಲ್ಲ.

ಸಪ್ತಾಪುರ ವರ್ಕ್‌ಶಾಪ್

ನಿಮಗೆ ಕೈ ಪಳಗಿದೆ, ನಿಮಗೆ ನಡೆಯುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ. ಅಗ್ಗದ ಕೊಕ್ಕೆ ಸ್ಪ್ರಿಂಗಿನ ಮೇಲೆ ಜಾರುತ್ತದೆ, ಬೋಲ್ಟಿನ ಮರೆ (ಥ್ರೆಡ್) ಸವೆದಿದ್ದರೆ ಒಮ್ಮೆಲೇ ಬಿಡುತ್ತದೆ. ಗ್ಯಾರೇಜಿನಲ್ಲಿ ಇದು ಸ್ವಲ್ಪ ಹೊತ್ತಿನ ಕೆಲಸ, ಅದಕ್ಕೆ ಕೊಡುವ ಕೂಲಿ ದೊಡ್ಡದಲ್ಲ.

ಈಗ ದುಡ್ಡಿನ ಮಾತು. ಹೊಸ ಆರ್ಮ್ ಹಾಕಿ ಒಂದು ವರ್ಷಕ್ಕೇ ಬುಷ್ ಹರಿಯಿತು ಎಂದು ಎಷ್ಟೋ ಜನ ಹೇಳುತ್ತಾರೆ. ಪಾರ್ಟು ಡುಪ್ಲಿಕೇಟ್ ಅಂತ ಬೈಯುತ್ತಾರೆ. ಬಹಳ ಸಲ ಪಾರ್ಟಿನದು ತಪ್ಪಿರುವುದಿಲ್ಲ, ಬಿಗಿದ ರೀತಿಯದು.

ರಬ್ಬರ್ ಬುಷ್ ಬೇರಿಂಗಿನ ಹಾಗೆ ತಿರುಗುವುದಿಲ್ಲ. ಹೊರಗಿನ ಕೊಳವೆ ಆರ್ಮಿಗೆ ಕಚ್ಚಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟು ಫ್ರೇಮಿಗೆ ಒತ್ತಿ ಹಿಡಿಯುತ್ತದೆ. ನಡುವಿನ ರಬ್ಬರ್ ಎರಡಕ್ಕೂ ಅಂಟಿದೆ. ಚಕ್ರ ಏರಿಳಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಈಗ ನೀವು ಗಾಡಿ ಎತ್ತಿ, ಚಕ್ರ ಜೋತುಬಿದ್ದಾಗ ಬೋಲ್ಟು ಬಿಗಿದಿರಿ ಅನ್ನಿ. ರಬ್ಬರಿಗೆ ಆ ಜೋತುಬಿದ್ದ ಸ್ಥಿತಿಯೇ ನೆಟ್ಟಗಿನ ಸ್ಥಿತಿ ಆಯಿತು. ಗಾಡಿ ನೆಲಕ್ಕಿಳಿಸಿದ ಕೂಡಲೇ ಅದು ಹಿಂಡಿದ ಬಟ್ಟೆಯ ಹಾಗೆ ತಿರುಚಿ ನಿಲ್ಲುತ್ತದೆ. ಮನೆ ಮುಂದೆ ಸುಮ್ನೆ ನಿಂತಾಗಲೂ ತಿರುಚಿಯೇ ಇರುತ್ತದೆ. ಆಮೇಲೆ ಒಂದು ದೊಡ್ಡ ತಗ್ಗು ಬಂದರೆ ಇನ್ನಷ್ಟು ತಿರುಚಬೇಕು. ಹರಿಯದೆ ಏನಾಗುತ್ತದೆ?

ಅದಕ್ಕೆ ಹೀಗೆ ಮಾಡಿ. ಗಾಡಿ ಎತ್ತುವ ಮೊದಲೇ, ಸಮನೆಲದಲ್ಲಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ನೇರ ಮೇಲಕ್ಕೆ ಅಳತೆ ಪಟ್ಟಿ ಹಿಡಿದು ಅಳೆಯಿರಿ. ಎರಡೂ ಕಡೆ ಬರೆದಿಟ್ಟುಕೊಳ್ಳಿ. ಆರ್ಮ್ ಹಾಕಿದ ಮೇಲೆ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ. ಬೇರೆಲ್ಲ ಜೋಡಿಸಿ ಆದ ಮೇಲೆ ಎರಡನೇ ಜ್ಯಾಕನ್ನು ಆರ್ಮಿನ ಹೊರತುದಿಯಲ್ಲಿ, ಬಾಲ್ ಜಾಯಿಂಟಿನ ಹತ್ತಿರ ಕೊಟ್ಟು ನಿಧಾನಕ್ಕೆ ಎತ್ತಿ. ಚಕ್ರ ಕೂರುವ ಹಬ್ಬಿನ ನಡುವಿನಿಂದ ಅಂಚಿಗೆ ಅದೇ ಅಳತೆ ಬಂದಾಗ ನಿಲ್ಲಿಸಿ. ಆಗ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಪೂರ್ತಿ ಬಿಗಿಯಿರಿ. ಎತ್ತುವಾಗ ಗಾಡಿ ಸ್ಟ್ಯಾಂಡಿನಿಂದ ಮೇಲೇಳದಂತೆ ನೋಡಿಕೊಳ್ಳಿ.

ಅಡ್ಡಡ್ಡ ಬೋಲ್ಟು ಹಾಯುವ ಬುಷ್‌ಗೆ ಇದು ಬಹಳ ಮುಖ್ಯ. ಬಾಲ್ ಜಾಯಿಂಟ್, ಟೈ ರಾಡ್, ಬಾಲ್ ಇರುವ ಲಿಂಕ್ ರಾಡ್ ಇವಕ್ಕೆ ಈ ಲೆಕ್ಕ ಇಲ್ಲ, ಅವು ತಿರುಗುವ ಜಾಯಿಂಟುಗಳು.

ಮಾಳಮಡ್ಡಿ ಆಲ್ಟೋ

ಸರ್, ಇದನ್ನು ಓದಿ ನನಗೆ ನನ್ನ ಆಲ್ಟೋದ ಲೆಕ್ಕ ಸರಿಹೋಯಿತು. ಒಂದು ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆಯೇ ಎಲ್ಲ ಬೋಲ್ಟು ಗನ್ನಿನಿಂದ ಬಿಗಿದು ಇಳಿಸಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬುಷ್ ಬೇಗ ಹರಿಯಿತು, ಅವರು ರಸ್ತೆ ಸರಿ ಇಲ್ಲ ಅಂದರು. ಈಗ ಯಾರೇ ಬುಷ್ ಹಾಕಿಸಲು ಹೋದರೂ ಇದನ್ನು ಮೊದಲೇ ಕೇಳಿ: ಕೊನೆಯ ಬಿಗಿ ಗಾಡಿ ನೆಲದ ಮೇಲಿದ್ದಾಗ ಮಾಡುತ್ತೀರಾ ಅಂತ. ಮಾಡುವವರು ಹೌದು ಅನ್ನುತ್ತಾರೆ.

ನವನಗರ ಡಿಜೈರ್

ಇದು ಯಾರೂ ನನಗೆ ಹೇಳಿರಲಿಲ್ಲ ಸರ್. ಅಳತೆ ಬರೆದಿಟ್ಟಿದ್ದೇನೆ. ಎರಡು ಹೊಸ ಆರ್ಮ್, ಎರಡು ಶಾಕ್, ಮೌಂಟ್ ಸೆಟ್, ಲಿಂಕ್ ರಾಡ್ ಜೋಡಿ ತಂದೆ. ಎಡ ಲಿಂಕ್ ರಾಡಿನ ನಟ್ಟು ತಿರುಗಿಸಿದರೆ ಒಳಗಿನ ಬಾಲೂ ಜೊತೆಗೇ ತಿರುಗುತ್ತದೆ, ಬಿಚ್ಚುತ್ತಿಲ್ಲ. ಏನು ಮಾಡಲಿ?

ಕೆಎ-26 ಬೆಟಗೇರಿ

ಬೋಲ್ಟಿನ ತುದಿಯಲ್ಲಿ ಎಲನ್ ಕೀ ಕೂರುವ ತೂತು ಇರುತ್ತದೆ. ಕೆಲವದರಲ್ಲಿ ಹಿಂದುಗಡೆ ಪಾನಾ ಕೂರಲು ಚಪ್ಪಟೆ ಜಾಗ ಇರುತ್ತದೆ. ಒಂದರಿಂದ ಹಿಡಿದು ನಟ್ಟು ತಿರುಗಿಸಿ. ಮೊದಲು ತಂತಿ ಬ್ರಷ್ಷಿನಿಂದ ಮರೆ ತಿಕ್ಕಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಡಿ. ಎಲನ್ ತೂತು ಸವೆದಿದ್ದರೆ ನಟ್ಟು ಗ್ರೈಂಡರಿನಲ್ಲಿ ಕತ್ತರಿಸಿಬಿಡಿ, ಹೇಗೂ ಹಳೇದು ಎಸೆಯುವುದೇ. ಬ್ರೇಕ್ ಹೋಸ್ ಮೇಲೆ ಕಿಡಿ ಬೀಳದಂತೆ ಒದ್ದೆ ಗೋಣಿ ಮುಚ್ಚಿ.

ಇನ್ನೊಂದು. ಲಿಂಕ್ ರಾಡ್ ಕೆಲಸಕ್ಕೆ ಎರಡೂ ಮುಂದಿನ ಚಕ್ರ ಒಟ್ಟಿಗೆ ಎತ್ತಿ. ಒಂದೇ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿ ನಿಂತಿರುತ್ತದೆ, ಲಿಂಕ್ ಬಿಡಿಸಿದ ತಕ್ಷಣ ಬಾರ್ ಜಿಗಿದು ಬೆರಳಿಗೆ ಬಡಿಯುತ್ತದೆ. ಹೊಸದು ಕೂರಿಸುವಾಗಲೂ ತೂತು ಹೊಂದುವುದಿಲ್ಲ.

ತಾರಿಹಾಳ ಲೇಥ್

ಆರ್ಮ್ ಬಿಚ್ಚುವಾಗ ಬಾಲ್ ಜಾಯಿಂಟ್ ಕಡೆ ಲಕ್ಷ್ಯ ಇರಲಿ. ಮಾರುತಿಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಜಾಯಿಂಟಿನ ಕಡ್ಡಿಯನ್ನು ನಕಲ್ (ಚಕ್ರದ ಹಬ್ ಹೊತ್ತ ಕಬ್ಬಿಣದ ಭಾಗ) ಒಂದು ಸೀಳಿನಲ್ಲಿ ಅವುಚಿ ಹಿಡಿದಿರುತ್ತದೆ, ಅಡ್ಡ ಒಂದು ಬೋಲ್ಟು. ಆ ಬೋಲ್ಟು ಕಡ್ಡಿಯ ಮೇಲಿನ ತೋಡಿನಲ್ಲಿ ಕೂತಿರುತ್ತದೆ. ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಆಮೇಲೆ ಸೀಳನ್ನು ಸ್ವಲ್ಪ ಮೀಟಿ ಅಗಲಿಸಿ ಆರ್ಮ್ ಕೆಳಕ್ಕೆ ಒತ್ತಿ. ಬಹಳ ಅಗಲಿಸಿದರೆ ನಕಲ್ ಬಿರಿಯುತ್ತದೆ, ಹುಷಾರು.

ನಕಲ್ ಬಿಡಿಸಿದಾಗ ಹೊರಕ್ಕೆ ಎಳೆಯಬೇಡಿ, ಡ್ರೈವ್ ಶಾಫ್ಟಿನ ಒಳಜಾಯಿಂಟ್ ಕಳಚುತ್ತದೆ. ತಂತಿಯಿಂದ ಮೇಲಕ್ಕೆ ಕಟ್ಟಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಇದ್ದರೆ ಅದನ್ನೂ ಕ್ಲಿಪ್ಪಿನಿಂದ ಮೊದಲೇ ಬಿಡಿಸಿ. ಯಾವ ಭಾರವೂ ಹೋಸಿನ ಮೇಲೆ ಜೋತುಬೀಳಬಾರದು.

ಸಪ್ತಾಪುರ ವರ್ಕ್‌ಶಾಪ್

ಹೊಸ ಶಾಕಿನ ರಾಡನ್ನು ಪಕ್ಕಡಿನಿಂದ ಹಿಡಿಯಬೇಡಿ. ಒಂದು ಗೀರು ಬಿದ್ದರೆ ಸೀಲು ಹರಿದು ಆಯಿಲ್ ಸೋರುತ್ತದೆ. ಸ್ಪ್ರಿಂಗ್ ಹಾಕುವ ಮೊದಲು ಶಾಕ್ ನೆಟ್ಟಗೆ ನಿಲ್ಲಿಸಿ ಕೆಲವು ಸಲ ಪೂರ್ತಿ ಒತ್ತಿ ಎಳೆಯಿರಿ. ಮಲಗಿಸಿ ಇಟ್ಟಾಗ ಒಳಗೆ ಸೇರಿದ ಗಾಳಿ ಹೋಗುತ್ತದೆ. ಶಾಕ್ ನಕಲ್‌ಗೆ ಸೇರುವಲ್ಲಿ ಎರಡು ಬೋಲ್ಟು ಇವೆ. ಬಿಚ್ಚುವ ಮೊದಲು ನಕಲ್ ಎಲ್ಲಿ ಕೂತಿತ್ತು ಎಂದು ಗೀಚಿ ಗುರುತು ಮಾಡಿ. ತೂತಿನಲ್ಲಿ ಇರುವ ಚೂರು ಸಡಿಲಿನಿಂದಲೇ ಚಕ್ರದ ವಾಲು ಬದಲಾಗುತ್ತದೆ.

ಚಕ್ರದ ನಟ್ಟು ಎದುರು ಬದುರು ಬಿಗಿಯಿರಿ. ನಿಮ್ಮ ಡಿಜೈರ್ ಪುಸ್ತಕದಲ್ಲಿ 85 ನ್ಯೂಟನ್ ಮೀಟರ್ ಎಂದಿರಬೇಕು, ನೋಡಿಕೊಳ್ಳಿ. ಪಾನಾದ ಮೇಲೆ ನಿಂತು ಕುಣಿಯುವ ಪದ್ಧತಿ ಬೇಡ. ನೂರು ಕಿ.ಮೀ. ಒಳಗೆ ಮತ್ತೊಮ್ಮೆ ಎಲ್ಲ ನಟ್ಟು ಬೋಲ್ಟು ನೋಡಿ.

ಗೋಕುಲ ರೋಡ್ ಟೈರ್

ಅಲೈನ್‌ಮೆಂಟ್ ಮಾಡುವವನು ನಾನು. ಆರ್ಮ್, ಶಾಕ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ತಪ್ಪಿಸಬೇಡಿ. ಮನೆಯಿಂದ ನೇರ ಅಂಗಡಿಗೆ ಬನ್ನಿ, ನಿಧಾನಕ್ಕೆ ಬನ್ನಿ. ಟೋ ತಪ್ಪಿದ ಗಾಡಿಯಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬಂದರೆ ಹೊಸ ಟೈರಿನ ಅಂಚೂ ಸವೆದಿರುತ್ತದೆ.

ಒಂದು ವಿಷಯ ತಿಳಿದಿರಲಿ. ಇಂಥ ಸಣ್ಣ ಕಾರುಗಳಲ್ಲಿ ನಾವು ತಿರುಗಿಸಿ ಹೊಂದಿಸುವುದು ಮುಂದಿನ ಟೋ ಒಂದನ್ನೇ, ಟೈ ರಾಡಿನಲ್ಲಿ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿದ ಕೋನ) ಬಹಳ ತಪ್ಪಿದೆ ಎಂದು ಯಂತ್ರ ತೋರಿಸಿದರೆ ಎಲ್ಲೋ ಏನೋ ಬಾಗಿದೆ ಎಂದರ್ಥ. ಆರ್ಮ್ ಇರಬಹುದು, ನಕಲ್ ಇರಬಹುದು. ಅದನ್ನು ಬಿಟ್ಟು ಟೋ ಮಾತ್ರ ಹೊಂದಿಸಿ ಕಳಿಸಿದರೆ ಎಳೆಯುವುದು ನಿಲ್ಲುವುದಿಲ್ಲ. ಮೊದಲಿನ ಮತ್ತು ನಂತರದ ಅಂಕಿ ಇರುವ ಚೀಟಿ ಕೇಳಿ ತೆಗೆದುಕೊಳ್ಳಿ. ಸವೆದ ಬುಷ್ ಇಟ್ಟುಕೊಂಡು ಬರುವವರಿಗೆ ನಾನೇ ಹೇಳುತ್ತೇನೆ, ಮೊದಲು ಬುಷ್ ಹಾಕಿಸಿ ಬನ್ನಿ ಅಂತ. ಇವತ್ತು ಹೊಂದಿಸಿದ್ದು ಸಡಿಲ ಬುಷ್ ಮೇಲೆ ನಾಳೆ ನಿಲ್ಲುವುದಿಲ್ಲ.

ನವನಗರ ಡಿಜೈರ್

ಲಿಂಕ್ ರಾಡ್ ಎಲನ್ ಕೀ ಹಿಡಿದು ಬಿಚ್ಚಿದೆ, ಬಂತು. ಆರ್ಮ್ ಎರಡೂ ಹಾಕಿ ಸಪ್ತಾಪುರ ಸರ್ ಹೇಳಿದ ಅಳತೆಗೆ ಎತ್ತಿ ಬಿಗಿದೆ. ಶಾಕ್ ಇಳಿಸಿ ಒಯ್ದು ಸ್ಪ್ರಿಂಗ್ ಗ್ಯಾರೇಜಿನಲ್ಲೇ ಹಾಕಿಸಿದೆ. ಈಗ ಅಲೈನ್‌ಮೆಂಟಿಗೆ ಹೊರಟೆ.

ಹಾವೇರಿ ವ್ಯಾಗನಾರ್

ಒಳ್ಳೆಯದಾಯಿತು ಅಣ್ಣಾ. ನನ್ನದೂ ಒಂದು ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನನ್ನ ವ್ಯಾಗನಾರಿನ ಹಿಂಭಾಗ ಕೂತುಬಿಟ್ಟಿದೆ. ಬಿತ್ತನೆ ಹೊತ್ತಿನಲ್ಲಿ ಗೊಬ್ಬರ ಹೊಲಕ್ಕೆ ಒಯ್ಯುತ್ತೇನೆ. ಹಿಂದಿನ ಸೀಟು ಮಡಚಿದರೆ ಚೀಲ ಹಿಡಿಯುತ್ತವೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಹಾಕುವ ರಬ್ಬರ್ ಬಫರ್ ಸಿಗುತ್ತದಲ್ಲ, ಅದನ್ನು ಹಾಕಿದರೆ ಎತ್ತರ ಬರುತ್ತದಾ?

ಕೆಎ-26 ಬೆಟಗೇರಿ

ಎತ್ತರ ಬರುತ್ತದೆ. ಆದರೆ ನಾನು ಹಾಕುವುದಿಲ್ಲ. ಬಫರ್ ಇಟ್ಟ ಸುತ್ತು ಕೆಲಸ ಮಾಡುವುದಿಲ್ಲ, ಅದರ ಪಾಲಿನ ಭಾರ ಪಕ್ಕದ ಸುತ್ತಿನ ಮೇಲೆ ಬೀಳುತ್ತದೆ. ಮೊದಲೇ ಸೋತ ಸ್ಪ್ರಿಂಗು ಅಲ್ಲಿ ತುಂಡಾಗಬಹುದು.

ಲೆಕ್ಕ ಹಾಕಿ ನೋಡಿ. ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. ಎಂಟು ಚೀಲ ಹಾಕಿದರೆ 400 ಕೆಜಿ ಹತ್ತಿರ ಹೋಯಿತು. ಅದು ಐದು ದೊಡ್ಡವರ ಭಾರಕ್ಕಿಂತ ಜಾಸ್ತಿ, ಎಲ್ಲ ಹಿಂದಿನ ಆಕ್ಸಲ್ ಮೇಲೆ. ಮೇಲಿಂದ ನೀವೂ ಕೂತಿರುತ್ತೀರಿ.

ಸಪ್ತಾಪುರ ವರ್ಕ್‌ಶಾಪ್

ಬೆಟಗೇರಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಶಾಕ್ ಬದಲಿಸಿದರೂ ಎತ್ತರ ಬರುವುದಿಲ್ಲ. ಎತ್ತರ ಹಿಡಿಯುವುದು ಸ್ಪ್ರಿಂಗು, ಕುಣಿತ ತಡೆಯುವುದು ಶಾಕು. ಚೀಲ ಇಲ್ಲದೆ, ಗಾಳಿ ಸರಿ ಇಟ್ಟು, ಸಮನೆಲದಲ್ಲಿ ಹಿಂದಿನ ಎರಡೂ ಕಡೆ ಚಕ್ರದ ನಡುವಿನಿಂದ ಅಂಚಿಗೆ ಅಳೆಯಿರಿ. ಎರಡೂ ಕಡೆ ಸಮ ಇಲ್ಲದಿದ್ದರೆ ಒಂದು ಸ್ಪ್ರಿಂಗ್ ತುಂಡಾಗಿರಬಹುದು, ಹೆಚ್ಚಾಗಿ ಕೆಳಗಿನ ಕೊನೆಯ ಸುತ್ತು, ಮಣ್ಣು ಕೂತು ತುಕ್ಕು ಹಿಡಿಯುವ ಜಾಗ. ಆಗ ಹೊಸ ಸ್ಪ್ರಿಂಗ್ ಜೋಡಿ ಹಾಕಿ. ಹಿಂದಿನ ಆಕ್ಸಲ್ಲಿನ ಬುಷ್‌ಗಳನ್ನೂ ಸಬ್ಬಲ್ಲಿನಿಂದ ಮೀಟಿ ನೋಡಿಬಿಡಿ. ಅಳತೆ ಮತ್ತು ಸ್ಪ್ರಿಂಗಿನ ಕೆಳಭಾಗದ ಫೋಟೋ ಇಲ್ಲಿ ಹಾಕಿ, ಆಮೇಲೆ ಯಾವ ಪಾರ್ಟು ತರಬೇಕು ಎಂದು ಹೇಳುತ್ತೇವೆ.